ಕೆಸರಿನ ಹೊಳೆಯಲ್ಲಿ ಇಟ್ಟಿಗೆಯೂ ತೇಲುತ್ತದೆ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗುಡ್ಡ ಕುಸಿತದ ಬಗ್ಗೆಯೇ ಇದ್ದವು. ಉತ್ತರಿಸಿದವರು ಮಣ್ಣು ಮತ್ತು ಅಡಿಪಾಯದ ವಿಷಯ ಪಾಠ ಮಾಡಿ ನಿವೃತ್ತರಾದ ಮೈಸೂರಿನ ಎಂಜಿನಿಯರ್.

ಪ್ರಶ್ನೆ: 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜರಿದಾಗ ನಮ್ಮ ಮಂಡ್ಯ ಕಡೆಯವರೂ ತೀರಿಕೊಂಡರು. ಆಮೇಲೆ ಅಲ್ಲಿಗೆ ಹೋಗಿ ಬಂದವರು ಹೇಳಿದ ಒಂದು ಮಾತು ನನ್ನ ತಲೆಯಿಂದ ಹೋಗಿಲ್ಲ. ಎಷ್ಟೋ ಕಡೆ ಮನೆ ಇದ್ದ ಜಾಗದಲ್ಲಿ ಬರೀ ಪಾಯ ಉಳಿದಿತ್ತಂತೆ. ಗೋಡೆ ಇಲ್ಲ, ತಾರಸಿ ಇಲ್ಲ, ಬೀರು ಇಲ್ಲ. ಅಷ್ಟು ಭಾರದ ಸಾಮಾನು ಅಲ್ಲೇ ಮಣ್ಣಿನಡಿ ಇರಬೇಕಿತ್ತು ಅಲ್ವಾ? (ಪಾಂಡವಪುರದ ಓದುಗರು)

ಉತ್ತರ: ನೀವು ಕೇಳಿದ್ದು ಬಹಳ ಜನರ ಮನಸ್ಸಿನಲ್ಲಿರುವ ಲೆಕ್ಕ. ಭಾರದ್ದು ಮುಳುಗುತ್ತದೆ, ಹಗುರದ್ದು ತೇಲಿ ಹೋಗುತ್ತದೆ. ಕಾವೇರಿ ನೀರಿನಲ್ಲಿ ಈ ಲೆಕ್ಕ ಸರಿ. ಅವತ್ತು ರಾತ್ರಿ ಅಲ್ಲಿ ಇಳಿದದ್ದು ನೀರಲ್ಲ. ಅದಕ್ಕೇ ಲೆಕ್ಕ ತಪ್ಪುತ್ತದೆ.

ಮಲಯಾಳಿಗಳು ಇದನ್ನು ‘ಉರುಳ್‌ಪೊಟ್ಟಲ್’ ಅನ್ನುತ್ತಾರೆ. ಉರುಳು ನಮ್ಮದೇ ಉರುಳು, ಪೊಟ್ಟಲ್ ಅಂದರೆ ಒಡೆಯುವುದು. ನಮ್ಮ ಪತ್ರಿಕೆಗಳ ‘ಭೂಕುಸಿತ’ಕ್ಕಿಂತ ಒಳ್ಳೆಯ ಹೆಸರು ಅದು. ಭೂಕುಸಿತ ಎಂದಾಗ ಮಣ್ಣು ಒಂದು ಕಡೆ ಜಾರಿ ರಾಶಿ ಬಿದ್ದ ಚಿತ್ರ ಕಣ್ಣಿಗೆ ಬರುತ್ತದೆ. ಇದು ಹಾಗಲ್ಲ. ಮೇಲೆ ಜಾರಿದ ಮಣ್ಣು ಮಳೆ ನೀರಿನ ಜೊತೆ ಕಲಸಿಕೊಂಡು, ಹಳ್ಳದ ದಾರಿ ಹಿಡಿದು, ಹೊಳೆಯಾಗಿ ಹರಿಯುತ್ತದೆ. ಕೆಸರು, ಕಲ್ಲು, ಮರ ಎಲ್ಲ ಸೇರಿದ ಹೊಳೆ.

ಈ ಹೊಳೆಯ ನೂರು ಲೀಟರ್ ತೆಗೆದರೆ ಅದರಲ್ಲಿ ಅರವತ್ತು ಲೀಟರಿನಷ್ಟು ಕಲ್ಲು ಮಣ್ಣೇ ಇರಬಹುದು. ನೀರು ಬರೀ ನಲವತ್ತು. ನೀರಿನ ಒಂದು ಲೀಟರ್ 1 ಕೆಜಿ ತೂಗಿದರೆ ಇದು ಹತ್ತಿರ ಹತ್ತಿರ 2 ಕೆಜಿ ತೂಗುತ್ತದೆ. ಇಲ್ಲಿಂದ ಮುಂದಿನದೆಲ್ಲ ಈ 2 ಎಂಬ ಸಂಖ್ಯೆಯ ಆಟ.

ಮನೆಯ ಸಾಮಾನನ್ನು ಈಗ ಒಂದೊಂದಾಗಿ ತೂಗೋಣ. ಇಟ್ಟಿಗೆ, ಅದೇ ಗಾತ್ರದ ನೀರಿಗಿಂತ 1.6ರಿಂದ 1.9 ಪಟ್ಟು ಭಾರ. ಅಂದರೆ ಈ ಕೆಸರಿಗಿಂತ ಹಗುರ! ಇಟ್ಟಿಗೆ ಇದರಲ್ಲಿ ಮುಳುಗುವುದಿಲ್ಲ, ತೇಲುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ನಗುತ್ತಿದ್ದರು. ಆಮೇಲೆ ಕ್ಯಾಲ್ಕುಲೇಟರ್ ತೆಗೆಯುತ್ತಿದ್ದರು.

ಕಾಂಕ್ರೀಟು 2.4. ಮುಳುಗಬೇಕು, ನಿಜ. ಆದರೆ ಕೆಸರು ಅದನ್ನು ಕೆಳಗಿನಿಂದ ಎತ್ತಿ ಹಿಡಿಯುವ ಬಲ ನೀರಿನ ಎರಡರಷ್ಟು. 3 ಮೀಟರ್ ಅಗಲ, 4 ಮೀಟರ್ ಉದ್ದ, 10 ಸೆಂಟಿಮೀಟರ್ ದಪ್ಪದ ತಾರಸಿ ಚಪ್ಪಡಿ ಸುಮಾರು 2.9 ಟನ್ ತೂಗುತ್ತದೆ. ಕೆಸರಿನೊಳಗೆ ಅದರ ತೂಕ ಅರ್ಧ ಟನ್ನಿಗೆ ಇಳಿಯುತ್ತದೆ. ಆರರಲ್ಲಿ ಒಂದು ಪಾಲು. ನಮ್ಮ ಚಾಮುಂಡಿ ಬೆಟ್ಟದಲ್ಲಿರುವಂಥ ಗ್ರಾನೈಟ್ ಬಂಡೆಯ ತೂಕವೂ ನಾಲ್ಕನೇ ಒಂದಕ್ಕೆ ಬರುತ್ತದೆ. ಲಾರಿ ಗಾತ್ರದ ಬಂಡೆಗಳು ಹೇಗೆ ಬಂದವು ಅಂತ ಜನ ಬೆರಗಾಗುವುದು ಇದಕ್ಕೇ.

ಬೀರು, ಫ್ರಿಜ್ಜು, ಕಾರು ಎಲ್ಲ ಒಳಗೆ ಟೊಳ್ಳು. ಅವು ತೇಲುವುದರಲ್ಲಿ ಆಶ್ಚರ್ಯ ಇಲ್ಲ. ಗ್ಯಾಸ್ ಸಿಲಿಂಡರ್ ನೋಡಿ. ತುಂಬಿದ್ದರೂ ಒಟ್ಟು ತೂಕ 30 ಕೆಜಿ ಆಸುಪಾಸು, ಒಳಗಿನ ಜಾಗ 33 ಲೀಟರ್. ತುಂಬಿದ ಸಿಲಿಂಡರ್ ಬರೀ ನೀರಿನಲ್ಲೇ ತೇಲುತ್ತದೆ, ಇನ್ನು ಕೆಸರು ಯಾವ ಲೆಕ್ಕ?

ಮನೆಯೊಳಗೆ ಈ ಕೆಸರಿಗಿಂತ ನಿಜಕ್ಕೂ ತುಂಬಾ ಭಾರದ್ದು ಅಂದರೆ ಕಬ್ಬಿಣದ ಕಂಬಿ, ಹಿತ್ತಾಳೆ ತಾಮ್ರದ ಪಾತ್ರೆ, ಹಳೇ ರುಬ್ಬುವ ಕಲ್ಲು. ಅಷ್ಟೇ.

ಹಾಗಾದರೆ ಪಾಯ ಯಾಕೆ ಉಳಿಯಿತು? ಅದು ನೆಲದೊಳಗೆ ಕಚ್ಚಿಕೊಂಡಿದೆ, ಹೊಳೆಗೆ ಎದೆ ಕೊಟ್ಟು ನಿಂತಿಲ್ಲ. ಗೋಡೆ ನಿಂತಿದೆ. ಈ ಹೊಳೆ ಸೆಕೆಂಡಿಗೆ 10 ಮೀಟರ್ ಓಡುವುದು ಸಾಮಾನ್ಯ. ಗಂಟೆಗೆ 36 ಕಿಲೋಮೀಟರ್, ರಿಂಗ್ ರೋಡಿನಲ್ಲಿ ಸಿಟಿ ಬಸ್ಸಿನ ವೇಗ. ಆ ವೇಗದಲ್ಲಿ ಆ ತೂಕದ ಕೆಸರು ಗೋಡೆಗೆ ಗುದ್ದಿದರೆ ಒಂದು ಚದರ ಮೀಟರಿಗೆ ಸುಮಾರು 20 ಟನ್ ಬಲ ಬೀಳುತ್ತದೆ. ಬಂಡೆ ಬಡಿದರೆ ಅದು ಬೇರೆ ಲೆಕ್ಕ, ಇನ್ನೂ ಜಾಸ್ತಿ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಮೇಲಿನ ಭಾರ ಹೊರಲು ಕಟ್ಟಿದ್ದು. ಪಕ್ಕದಿಂದ ಬರುವ ಇಂಥ ಗುದ್ದಿಗೆ ಅದು ಪಾಯದ ಮಟ್ಟದಲ್ಲಿ ಕತ್ತರಿಸಿ ಹೋಗುತ್ತದೆ. ಕಬ್ಬು ಕಡಿದ ಹಾಗೆ. ತಾರಸಿ ಕೆಸರಿನ ಮೇಲೆ ಕೂರುತ್ತದೆ, ತೆಪ್ಪದಂತೆ ಸ್ವಲ್ಪ ದೂರ ಹೋಗುತ್ತದೆ, ಏನಾದರೂ ಅಡ್ಡ ಸಿಕ್ಕಾಗ ಮುರಿಯುತ್ತದೆ. ಮುರಿದರೂ ಚೂರುಚೂರಾಗುವುದಿಲ್ಲ. ಒಳಗಿನ ಕಂಬಿ ತುಂಡುಗಳನ್ನು ಹಿಡಿದುಕೊಂಡಿರುತ್ತದೆ. ಆ ಕಂಬಿಗೆ ಮರದ ಬೇರು ಸಿಕ್ಕಿಕೊಳ್ಳುತ್ತದೆ, ಬೇರಿಗೆ ಇನ್ನೊಂದು ಮನೆಯ ಬಾಗಿಲು. ಹೀಗೆ ಒಂದು ಗೂಡು ಕಟ್ಟಿಕೊಂಡು ಹೋಗುತ್ತದೆ.

ಕಂಬ, ತೊಲೆ ಇರುವ ಕಾಂಕ್ರೀಟ್ ಕಟ್ಟಡಗಳ ಕಥೆ ಬೇರೆ. ಹೊಳೆಯ ಅಂಚಿನಲ್ಲಿದ್ದರೆ ಕೆಲವು ನಿಂತುಬಿಡುತ್ತವೆ. ಗೋಡೆ ಒಡೆದು ಕೆಸರು ಒಳಗೆ ನುಗ್ಗುತ್ತದೆ, ಕಂಬಗಳ ನಡುವೆ ಹಾದು ಹೋಗುತ್ತದೆ. ಒಳಗಿನ ಸಾಮಾನೆಲ್ಲ ಹಿಂದಿನ ಗೋಡೆಯಿಂದ ಆಚೆ. ವೆಳ್ಳಾರ್‌ಮಲದ ಶಾಲೆಯ ಚಿತ್ರ ನೀವು ನೋಡಿರಬಹುದು. ಮರದ ದಿಮ್ಮಿ, ಬಂಡೆ ಎಲ್ಲ ಬಂದು ಕಟ್ಟಡಕ್ಕೆ ಒರಗಿ ರಾಶಿ ಬಿದ್ದಿದ್ದವು.

ಪ್ರಶ್ನೆ: ಹರಿಯುವಾಗ ಗಂಜಿಯಂತೆ ಇರುವುದು ನಿಂತ ಮೇಲೆ ಅಷ್ಟು ಗಟ್ಟಿ ಹೇಗಾಗುತ್ತದೆ? ಅದರೊಳಗೆ ಸಾಮಾನು ಯಾವ ಕ್ರಮದಲ್ಲಿ ಹೂತುಕೊಳ್ಳುತ್ತದೆ? (ಮೈಸೂರು ಸರಸ್ವತಿಪುರಂ ಓದುಗರು, ಸಿವಿಲ್ ಕಂಟ್ರಾಕ್ಟರ್)

ಉತ್ತರ: ನೀವು ಕಂಟ್ರಾಕ್ಟರ್. ಉತ್ತರ ನಿಮ್ಮ ಕೈಯಲ್ಲೇ ಇದೆ. ತಾರಸಿ ಹಾಕುವ ದಿನ ಕಾಂಕ್ರೀಟಿಗೆ ವೈಬ್ರೇಟರ್ ಇಟ್ಟರೆ ಏನಾಗುತ್ತದೆ? ಗುಪ್ಪೆಯಾಗಿ ಕೂತಿದ್ದ ಕಾಂಕ್ರೀಟು ದೋಸೆ ಹಿಟ್ಟಿನಂತೆ ಮೂಲೆಮೂಲೆಗೂ ಹರಿಯುತ್ತದೆ. ವೈಬ್ರೇಟರ್ ತೆಗೆದ ಕ್ಷಣ ಮತ್ತೆ ಗುಪ್ಪೆ. ನೀರು ಹಾಕಲಿಲ್ಲ, ತೆಗೆಯಲೂ ಇಲ್ಲ. ಕಲ್ಲು ಮರಳಿನ ಕಾಳುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು, ಅಲುಗಾಟಕ್ಕೆ ಆ ಕಚ್ಚು ಬಿಟ್ಟುಹೋಯಿತು. ಭಾರವನ್ನು ನಡುವಿನ ನೀರೇ ಹೊತ್ತಿತು.

ಗುಡ್ಡದ ಕೆಸರಿನಲ್ಲೂ ಇದೇ. ಓಡುವಾಗ ಕಾಳುಗಳ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ ಅದು ದ್ರವದಂತೆ ಹರಿಯುತ್ತದೆ. ಇಳಿಜಾರು ಕಮ್ಮಿಯಾಗಿ, ಹರವು ಅಗಲವಾಗಿ, ನೀರು ಸೋರಿ ಹೋದರೆ ಒತ್ತಡ ಇಳಿಯುತ್ತದೆ. ಕಾಳಿಗೆ ಕಾಳು ಕಚ್ಚುತ್ತದೆ. ಅಲ್ಲಿಗೆ ಮುಗಿಯಿತು. ಅಂಬಲಿ ಇದ್ದದ್ದು ಮುದ್ದೆಯಾಗುತ್ತದೆ, ಒಲೆಯಿಲ್ಲದೆ.

ರಕ್ಷಣೆಗೆ ಹೋದವರಿಗೆ ಇದೇ ದೊಡ್ಡ ಕಷ್ಟ. ಭೂಕಂಪದಲ್ಲಿ ಬಿದ್ದ ಕಟ್ಟಡದೊಳಗೆ ಚಪ್ಪಡಿ, ತೊಲೆಗಳ ಸಂದಿನಲ್ಲಿ ಗಾಳಿ ಇರುವ ಜಾಗ ಉಳಿಯುತ್ತದೆ. ಕೆಲವರು ದಿನಗಟ್ಟಲೆ ಬದುಕಿರುವುದುಂಟು. ಕೆಸರು ಸಂದಿ ಬಿಡುವುದಿಲ್ಲ, ತುಂಬುತ್ತದೆ. ಗದ್ದೆ ನಾಟಿಗೆ ಇಳಿದವರಿಗೆ ಗೊತ್ತು, ಕಾಲು ಇಳಿಯುವುದು ಸುಲಭ, ಕೀಳುವುದು ಕಷ್ಟ. ಮೊಣಕಾಲುದ್ದದ ಗದ್ದೆಯಲ್ಲೇ ಹಾಗೆ.

ಇನ್ನು ಕ್ರಮದ ವಿಷಯ. ಒಂದು ಡಬ್ಬಿಯಲ್ಲಿ ರಾಗಿ ಹಾಕಿ, ಅದರ ಅಡಿಯಲ್ಲಿ ಒಂದಿಷ್ಟು ಒಣ ಅವರೆಕಾಳು ಇಟ್ಟು, ಮುಚ್ಚಿ ಅಲ್ಲಾಡಿಸಿ. ತೆಗೆದು ನೋಡಿದರೆ ಅವರೆ ಮೇಲೆ ಬಂದಿರುತ್ತದೆ. ಸಣ್ಣ ಕಾಳು ಸಂದಿಯಲ್ಲಿ ಕೆಳಗೆ ಜಾರುತ್ತದೆ, ದೊಡ್ಡದಕ್ಕೆ ಜಾರಲು ಜಾಗವಿಲ್ಲ. ಕೆಸರಿನ ಹೊಳೆಯೊಳಗೂ ದೊಡ್ಡ ಬಂಡೆ, ದಿಮ್ಮಿ, ಚಪ್ಪಡಿ ತುಂಡು ಹೀಗೆ ಮೇಲಕ್ಕೆ ಬರುತ್ತವೆ. ಮೇಲಿನ ಪದರ ತಳಕ್ಕಿಂತ ಬೇಗ ಓಡುತ್ತದೆ, ತಳ ನೆಲಕ್ಕೆ ಉಜ್ಜುತ್ತಾ ನಿಧಾನ. ಹಾಗಾಗಿ ಮೇಲೆ ಬಂದದ್ದೆಲ್ಲ ಮುಂದಕ್ಕೆ ಸಾಗಿ ಹೊಳೆಯ ಮೂತಿಯಲ್ಲಿ ಗುಡ್ಡೆ ಸೇರುತ್ತದೆ. ಮೊದಲು ಬಂದು ಬಡಿಯುವುದೇ ಅದು. ಬಂಡೆ ಮರಗಳ ಒಂದು ಗೋಡೆ, ಹಿಂದಿನಿಂದ ತೆಳು ಕೆಸರು ಅದನ್ನು ನೂಕುತ್ತಿರುತ್ತದೆ.

ಈ ಮೂತಿಯಲ್ಲಿ ನೀರು ಕಮ್ಮಿ, ತರಕಲು ಜಾಸ್ತಿ. ಅದು ನಿಧಾನವಾದಾಗ ಹಿಂದಿನ ಕೆಸರು ಅದನ್ನು ಎರಡು ಪಕ್ಕಕ್ಕೆ ಸರಿಸಿ ಮುಂದೆ ನುಗ್ಗುತ್ತದೆ. ಸರಿದ ಕಲ್ಲು, ಕಟ್ಟಡದ ತುಂಡುಗಳು ಹರಿವಿನ ಉದ್ದಕ್ಕೂ ಎರಡು ಬದುಗಳಾಗಿ ಉಳಿಯುತ್ತವೆ. ಥೇಟ್ ನಮ್ಮ ಹೊಲದ ಬದು. ತಿರುವಿನಲ್ಲಿ ಹೊಳೆ ಹೊರಗಿನ ದಡ ಹತ್ತುತ್ತದೆ, ಬೆಟ್ಟದ ರಸ್ತೆಯ ತಿರುವಿನಲ್ಲಿ ಬಸ್ಸಿನೊಳಗಿನ ಜನ ಒಂದು ಕಡೆ ವಾಲುವ ಹಾಗೆ. ಅಲ್ಲಿ ಸಾಮಾನು ನೀವು ಊಹಿಸದಷ್ಟು ಎತ್ತರದಲ್ಲಿ ಸಿಗುತ್ತದೆ. ದೊಡ್ಡ ಬಂಡೆಯೋ ಗಟ್ಟಿ ಕಟ್ಟಡವೋ ಅಡ್ಡ ಇದ್ದರೆ ಅದರ ಮೇಲ್ಬದಿಗೆ ಗೂಡು ಕಟ್ಟುತ್ತದೆ, ಬೆನ್ನ ಹಿಂದೆ ಜಾಗ ಖಾಲಿ ಉಳಿಯುತ್ತದೆ. 2013ರ ಜೂನ್‌ನಲ್ಲಿ ಕೇದಾರನಾಥ ದೇವಸ್ಥಾನದ ಹಿಂದೆ ಬಂದು ನಿಂತ ಬಂಡೆ ಹೊಳೆಯನ್ನು ಸೀಳಿ ಎರಡು ಕಡೆ ಕಳಿಸಿದ್ದು ಹೀಗೆಯೇ.

ಸೇತುವೆ ಸಿಕ್ಕರಂತೂ ಕೇಳಬೇಡಿ. ಮೂತಿಯ ದಿಮ್ಮಿ ಬಂಡೆ ಕಮಾನಿಗೆ ಸಿಕ್ಕಿ ಬಾಯಿ ಕಟ್ಟುತ್ತದೆ. ಆಗ ಹೊಳೆ ಹಳ್ಳ ಬಿಟ್ಟು ಊರಿಗೆ ತಿರುಗುತ್ತದೆ, ಇಲ್ಲವೇ ಸೇತುವೆಯೇ ಕಿತ್ತು ಹೋಗುತ್ತದೆ. ಚೂರಲ್‌ಮಲದಲ್ಲಿ ಸೇತುವೆ ಹೋಗಿ ಮುಂಡಕ್ಕೈಗೆ ದಾರಿಯೇ ಇಲ್ಲವಾಯಿತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು 190 ಅಡಿಯ ಬೈಲಿ ಸೇತುವೆ ಕಟ್ಟಿದ ಮೇಲೆಯೇ ದೊಡ್ಡ ಯಂತ್ರಗಳು ಆಚೆ ದಡಕ್ಕೆ ಹೋದದ್ದು.

ನಿಮ್ಮ ‘ಯಾವ ಕ್ರಮ’ ಎಂಬ ಪ್ರಶ್ನೆಗೆ ನೇರ ಉತ್ತರ ಬೇಕೆಂದರೆ: ನದಿ ಮರಳಿನಲ್ಲಿರುವಂಥ ಕ್ರಮ ಇಲ್ಲ. ನದಿ ದಪ್ಪ ಕಲ್ಲನ್ನು ಮೊದಲು ಬಿಡುತ್ತದೆ, ಆಮೇಲೆ ಮರಳು, ಕೊನೆಗೆ ಗೋಡು. ಜರಡಿ ಹಿಡಿದ ಹಾಗೆ. ಕೆಸರಿನ ಹೊಳೆ ನಿಂತಾಗ ಇಡೀ ಮುದ್ದೆ ಒಟ್ಟಿಗೆ ನಿಲ್ಲುತ್ತದೆ. ಅದಕ್ಕೇ ಅಗೆದರೆ ಮೇಲೆ ಬಂಡೆ, ಅದರ ಕೆಳಗೆ ಪ್ಲಾಸ್ಟಿಕ್ ಕೊಡ ಸಿಗುವುದು. ಜೊತೆಗೆ ಈ ಹೊಳೆ ಒಂದೇ ಸಲ ಬರುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ವಯನಾಡಿನಲ್ಲಿ ನಡುರಾತ್ರಿ ಕಳೆದ ಮೇಲೆ ಒಂದು, ಬೆಳಗಿನ ಜಾವಕ್ಕೆ ಮೊದಲು ಇನ್ನೊಂದು ದೊಡ್ಡದು ಬಂತು. ಮೊದಲನೆಯದು ಬಿಟ್ಟು ಹೋದದ್ದನ್ನು ಎರಡನೆಯದು ಮುಚ್ಚಬಹುದು, ಕಿತ್ತುಕೊಂಡು ಮುಂದಕ್ಕೂ ಒಯ್ಯಬಹುದು.

ಪ್ರಶ್ನೆ: ಅದೇ ವಾರ ನಮ್ಮ ಕಪಿಲೆ (ಕಬಿನಿ ನದಿ) ಉಕ್ಕಿ ಸ್ನಾನಘಟ್ಟ ಮುಳುಗಿತ್ತು. ವಯನಾಡಿನಲ್ಲಿ ಕೊಚ್ಚಿ ಹೋದ ಮನೆಗಳ ಸಾಮಾನು ಕಬಿನಿ ಡ್ಯಾಮಿಗೆ ಬಂದಿರಬಹುದೇ? (ನಂಜನಗೂಡಿನ ಓದುಗರು)

ಉತ್ತರ: ಇಲ್ಲ. ಕಬಿನಿ ವಯನಾಡಿನಲ್ಲೇ ಹುಟ್ಟುತ್ತದೆ, ಅದು ಸರಿ. ಪನಮರಂ ಹೊಳೆ, ಮಾನಂದವಾಡಿ ಹೊಳೆ ಸೇರಿ ಪೂರ್ವಕ್ಕೆ ಹರಿದು ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಅಣೆಕಟ್ಟಿಗೆ ಬರುತ್ತದೆ. ಆದರೆ ಜರಿದ ಗುಡ್ಡ ಇರುವುದು ಪಶ್ಚಿಮಕ್ಕೆ ನೀರು ಕೊಡುವ ಕಡೆ. ಅಲ್ಲಿಯ ಹಳ್ಳ ಸೂಚಿಪ್ಪಾರ ಜಲಪಾತದಲ್ಲಿ ಧುಮುಕಿ ಕಾಡಿನೊಳಗೆ ಇಳಿದು ಚಾಲಿಯಾರ್ ನದಿ ಸೇರುತ್ತದೆ. ಚಾಲಿಯಾರ್ ಹೋಗುವುದು ಅರಬ್ಬೀ ಸಮುದ್ರಕ್ಕೆ. ಒಂದೇ ಮಳೆ, ಒಂದೇ ಜಿಲ್ಲೆ, ಎರಡು ಸಮುದ್ರ. ನಿಮ್ಮ ಕಪಿಲೆ ಉಕ್ಕಿದ್ದು ಮಳೆಯಿಂದ, ಗುಡ್ಡ ಜರಿದದ್ದರಿಂದ ಅಲ್ಲ.

ಕೆಸರಿನ ಹೊಳೆ ಹರಿದದ್ದು ಸುಮಾರು 8 ಕಿಲೋಮೀಟರ್ ಎಂದು ಇಸ್ರೋದ ಉಪಗ್ರಹ ಚಿತ್ರಗಳಿಂದ ಗೊತ್ತಾಯಿತು. ಶವಗಳು ಸಿಕ್ಕಿದ್ದು ಮಾತ್ರ ಅದಕ್ಕಿಂತ ಎಷ್ಟೋ ಕೆಳಗೆ, ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ಕಡೆ, ಚಾಲಿಯಾರ್ ದಡದಲ್ಲಿ. ಇದರಲ್ಲಿ ಒಂದು ಭೌತಶಾಸ್ತ್ರದ ಪಾಠ ಇದೆ, ಹೇಳಲು ಮನಸ್ಸು ಭಾರವಾದರೂ. ದಪ್ಪ ಹೊಳೆ ನಿಂತ ಮೇಲೆ ನದಿಯ ತೆಳು ನೀರು ಮತ್ತೆ ತನ್ನ ಕೆಲಸ ಶುರು ಮಾಡುತ್ತದೆ. ಚಪ್ಪಡಿ, ಬಂಡೆ ಅದರ ಕೈಗೆ ಬಗ್ಗುವುದಿಲ್ಲ, ಮೇಲೆಯೇ ಉಳಿದವು. ಮರ, ಬಟ್ಟೆ, ಹಾಸಿಗೆ, ಮನುಷ್ಯರ ಮೈ ನೀರಿನಷ್ಟೇ ತೂಕದವು. ಅವು ಮುಂದಕ್ಕೆ ಹೋದವು. ಒಂದೇ ಮನೆಯ ಸಾಮಾನು ಹೀಗೆ ಎರಡು ಹೊಳೆಗಳ ನಡುವೆ ಪಾಲಾಗುತ್ತದೆ. ಆದ್ದರಿಂದ ಮನೆ ಇದ್ದ ಜಾಗವನ್ನೇ ಮತ್ತೆ ಮತ್ತೆ ಅಗೆಯುವುದು ಸರಿಯಾದ ದಾರಿ ಅಲ್ಲ. ಅಲ್ಲಿ ಅಗೆಯಿರಿ ಎಂದು ಅಳುವ ಮನೆಯವರ ಎದುರು ಇದನ್ನು ಹೇಳುವುದು ಹೇಗೆ ಎಂಬುದಕ್ಕೆ ನನ್ನ ಶಾಸ್ತ್ರದಲ್ಲಿ ಉತ್ತರವಿಲ್ಲ.

2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆ ಹೋದಾಗಲೂ ಹುಡುಕಾಟ ಮನೆಯ ಜಾಗದಲ್ಲಿ ನಿಲ್ಲಲಿಲ್ಲ, ಇಳಿಜಾರಿನುದ್ದಕ್ಕೂ ಕೆಳಗೆ ಹೋಯಿತು.

ಪ್ರಶ್ನೆ: ಶಿರೂರಿನಲ್ಲಿ ಒಂದು ಇಡೀ ಲಾರಿ ಹುಡುಕಲು ಎರಡು ತಿಂಗಳಿಗೂ ಮೇಲೆ ಬೇಕಾಯಿತು. ರಾಡಾರ್ ಇದ್ದೂ ಯಾಕೆ ಹೀಗೆ? (ಮದ್ದೂರಿನ ಓದುಗರು, ಲಾರಿ ಮಾಲೀಕರು)

ಉತ್ತರ: 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಬಿತ್ತು. ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳೂ ಹೋದವು. ಅಲ್ಲಿದ್ದ ಗ್ಯಾಸ್ ಟ್ಯಾಂಕರ್ ನದಿಯಲ್ಲಿ ತೇಲಿಕೊಂಡು ಹೋಯಿತು. ಸಿಲಿಂಡರಿನ ಲೆಕ್ಕ ನೆನಪಿದೆಯಲ್ಲ, ಅದೇ. ಲಾರಿಯಲ್ಲಿದ್ದ ಮರದ ದಿಮ್ಮಿಗಳು ಕಟ್ಟು ಬಿಚ್ಚಿ ಕಿಲೋಮೀಟರುಗಟ್ಟಲೆ ಕೆಳಗೆ ಸಿಕ್ಕವು. ಲಾರಿ ಮಾತ್ರ ಸೆಪ್ಟೆಂಬರ್ 25ರಂದು, ನದಿಯ ತಳದಲ್ಲಿ ಸಿಕ್ಕಿತು. ದಿಮ್ಮಿ ಸಿಕ್ಕ ಕಡೆ ಲಾರಿ ಹುಡುಕಿದ್ದರೆ ಮೋಸ ಹೋಗುತ್ತಿದ್ದೆವು.

ರಾಡಾರ್ ಬಗ್ಗೆ ಜನಕ್ಕೆ ಇರುವ ನಂಬಿಕೆ ಸ್ವಲ್ಪ ಜಾಸ್ತಿಯೇ. ನೆಲದೊಳಗೆ ನೋಡುವ ರಾಡಾರ್ ಒಣ ಮರಳಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಒದ್ದೆ ಜೇಡಿಯಲ್ಲಿ ಅದರ ಅಲೆ ಸ್ವಲ್ಪ ಆಳಕ್ಕೇ ಇಂಗಿಹೋಗುತ್ತದೆ. ಗುಡ್ಡ ಜರಿದ ಜಾಗ ಅಂದರೆ ಒದ್ದೆ ಜೇಡಿಯೇ. ಕಂಬಿ, ತಗಡು ಎಲ್ಲೆಲ್ಲೂ ಚದುರಿದ್ದರೆ ಕಬ್ಬಿಣ ಹುಡುಕುವ ಯಂತ್ರವೂ ಹೆಜ್ಜೆ ಹೆಜ್ಜೆಗೂ ಕೂಗುತ್ತದೆ. ವಯನಾಡಿನಲ್ಲಿ ನಾಯಿಗಳು ಇವೆಲ್ಲಕ್ಕಿಂತ ಉಪಯೋಗಕ್ಕೆ ಬಂದವು ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಾವು ಚಾಮುಂಡಿ ಬೆಟ್ಟದ ಬುಡದಲ್ಲಿದ್ದೇವೆ. 2021ರಲ್ಲಿ ನಂದಿ ರಸ್ತೆ ಕುಸಿದಿತ್ತು. ಹೆದರಬೇಕೆ? (ಮೈಸೂರಿನ ಓದುಗರು)

ಉತ್ತರ: ಕೆಸರಿನ ಹೊಳೆಗೆ ಹೆದರಬೇಡಿ. ಅವತ್ತು ಕುಸಿದದ್ದು ರಸ್ತೆಯ ಅಂಚು, ಮಳೆ ನೀರು ಹೋಗಲು ದಾರಿ ಸಾಲದೆ. ವಯನಾಡಿನಲ್ಲಿ 48 ಗಂಟೆಯಲ್ಲಿ 572 ಮಿಲಿಮೀಟರ್ ಮಳೆ ಬಿದ್ದಿತ್ತು. ಮೈಸೂರಿಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 800. ನಮ್ಮ ಬೆಟ್ಟದ ಮೇಲೆ ಮಣ್ಣಿನ ಹೊದಿಕೆ ತೆಳು, ಕೆಳಗೆ ಬಂಡೆ. ಅಲ್ಲಿ ದಪ್ಪ ಮಣ್ಣು, ಕಡಿದಾದ ಇಳಿಜಾರು. ಉರುಳುವ ಒಂಟಿ ಬಂಡೆ, ಕಟ್ಟಿದ ತಡೆಗೋಡೆ, ಮುಚ್ಚಿಹೋದ ಚರಂಡಿ, ಇವುಗಳ ಮೇಲೆ ಕಣ್ಣಿಡಿ ಸಾಕು. ಬೆಟ್ಟದ ಮೇಲೆ ಸುಮ್ನೆ ಕಾಂಕ್ರೀಟು ಸುರಿಯುತ್ತಾ ಹೋಗುವುದಕ್ಕೆ ನನ್ನ ತಕರಾರು ಇದೆ, ಅದು ಇನ್ನೊಂದು ವಾರಕ್ಕೆ.

ಪ್ರಶ್ನೆ: ಶಾಲೆಯ ವಿಜ್ಞಾನ ಮೇಳಕ್ಕೆ ಇದನ್ನು ಮಾದರಿ ಮಾಡಿ ತೋರಿಸಬಹುದೇ? (ಮಳವಳ್ಳಿಯ ಒಂಬತ್ತನೇ ತರಗತಿ ವಿದ್ಯಾರ್ಥಿನಿ)

ಉತ್ತರ: ಖಂಡಿತ. ಒಂದು ಬಕೆಟ್ಟಿನಲ್ಲಿ ಎರಡು ಪಾಲು ಮರಳು, ಒಂದು ಪಾಲು ಕೆರೆಯ ಗೋಡು ಹಾಕು. ನೀರು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಗಟ್ಟಿ ಮುದ್ದೆಯಂತೆ ಕಲಸು. ಒಂದು ಲೀಟರ್ ಮಗ್ಗಿನಲ್ಲಿ ತುಂಬಿ ತೂಗು, 2 ಕೆಜಿಗೆ ಹತ್ತಿರ ಬರಬೇಕು. ನೀರು ಹೆಚ್ಚಾದರೆ ತೂಕ ಇಳಿಯುತ್ತದೆ, ಆಟ ಕೆಡುತ್ತದೆ. ಒಂದು ಇಟ್ಟಿಗೆ ತುಂಡು, ಅದೇ ಗಾತ್ರದ ಒಂದು ಕಬ್ಬಿಣದ ತುಂಡು ಎರಡನ್ನೂ ಕೆಸರಿನ ಮೇಲೆ ಇಡು. ಎರಡೂ ಅಲ್ಲೇ ಕೂರುತ್ತವೆ. ಈಗ ಬಕೆಟ್ಟಿನ ಪಕ್ಕಕ್ಕೆ ಮರದ ಕೊಡತಿಯಿಂದ ಬಡಿಯುತ್ತಾ ಇರು. ಕಬ್ಬಿಣ ಇಳಿದು ಮರೆಯಾಗುತ್ತದೆ, ಇಟ್ಟಿಗೆ ಮೇಲೆಯೇ ಉಳಿಯುತ್ತದೆ. ಇಟ್ಟಿಗೆ ನಾಡ ಇಟ್ಟಿಗೆಯಾಗಿರಲಿ, ಒಣಗಿರಲಿ. ಹಿಂದಿನ ದಿನ ಮಳೆಯಲ್ಲಿ ನೆನೆದದ್ದನ್ನು ತಂದರೆ ಅದು ನೀರು ಕುಡಿದು ಭಾರವಾಗಿರುತ್ತದೆ. ಮತ್ತೆ, ಮಗ್ಗು ಅಡುಗೆ ಮನೆಯದು ಬೇಡ. ಗೋಡು ಎಷ್ಟು ತೊಳೆದರೂ ಹೋಗುವುದಿಲ್ಲ.